ನೀರಿನ ಕೋಲಿಗೆ ಬ್ರಷ್ ಆರಿಸುವುದು ಹೇಗೆ: ಕಲಬುರಗಿ ಸೀಮೆಯ ದೂಳು, ಬಿಸಿಲು, ಗಾಜಿಗೆ ತಕ್ಕ ಮಾರ್ಗದರ್ಶಿ

ನೆಲದ ಮೇಲೆ ನಿಂತೇ ನಾಲ್ಕನೇ ಮಹಡಿಯ ಗಾಜು ತೊಳೆಯುವ ನೀರಿನ ಕೋಲು ಕೊಳ್ಳುವವರು ಕೋಲಿನ ಉದ್ದ ವಿಚಾರಿಸುತ್ತಾರೆ, ಕಾರ್ಬನ್ನೋ ಗ್ಲಾಸ್ ಫೈಬರೋ ಎಂದು ಕೇಳುತ್ತಾರೆ, ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಗಂಟೆಗೆ ಎಷ್ಟು ಲೀಟರ್ ಕೊಡುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಬ್ರಷ್ ಮಾತ್ರ ಕೋಲಿನ ಜೊತೆ ಬಂದದ್ದೇ ಆಯಿತು. ಅಷ್ಟೂ ಸಾಮಾನಿನಲ್ಲಿ ಗಾಜಿಗೆ ತಾಗುವುದು ಬ್ರಷ್ ಒಂದೇ. ಗೀರು ಬಿದ್ದರೆ ಅದರಿಂದ, ಮೂಲೆಯಲ್ಲಿ ಕೊಳೆ ಉಳಿದರೆ ಅದರಿಂದ, ಸಂಜೆ ಹೊತ್ತಿಗೆ ತೋಳು ಸೋತರೆ ಅರ್ಧ ಕಾರಣವೂ ಅದೇ.

ಈ ಕೆಲಸದ ತತ್ವ ಸರಳ. ಉಪ್ಪಿನಂಶ ಪೂರ್ತಿ ತೆಗೆದ ನೀರು ಕೋಲಿನೊಳಗಿನ ಪೈಪಿನಲ್ಲಿ ಮೇಲೇರಿ ಬ್ರಷ್‌ನ ಜೆಟ್‌ಗಳಿಂದ ಚಿಮ್ಮುತ್ತದೆ. ಬ್ರಷ್‌ನ ಎಳೆಗಳು ಕೊಳೆಯನ್ನು ಸಡಿಲಿಸುತ್ತವೆ, ನೀರು ಅದನ್ನು ಇಳಿಸಿಕೊಂಡು ಹೋಗುತ್ತದೆ, ಗಾಜು ಒರೆಸದೆಯೇ ಕಲೆಯಿಲ್ಲದೆ ಒಣಗುತ್ತದೆ. ನೀರಿನ ಟಿಡಿಎಸ್ (ಕರಗಿದ ಉಪ್ಪಿನಂಶದ ಅಳತೆ) 10 ಪಿಪಿಎಂ ದಾಟಿದರೆ ಎಂಥ ಬ್ರಷ್ ಹಿಡಿದರೂ ಬಿಳಿ ಚುಕ್ಕೆ ತಪ್ಪುವುದಿಲ್ಲ, 0ಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಹಾಗಾಗಿ ಆರ್‌ಒ ಆದ ಮೇಲೆ, ಉಳಿದ ಉಪ್ಪನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇಲ್ಲದೆ ನಡೆಯದು. ನೀರು ಸರಿಯಿದೆ ಎಂದಿಟ್ಟುಕೊಂಡೇ ಮುಂದಿನ ಮಾತು.

ಹೆಜ್ಜೆ 1: ಕೊಳೆ ಯಾವುದು?

ಈ ಬ್ರಷ್‌ಗಳಲ್ಲಿ ಬಹುಪಾಲು ಯುರೋಪು, ಅಮೆರಿಕದ ಕಿಟಕಿಗಳಿಗೆಂದು ಬೆಳೆದು ಬಂದವು. ಅಲ್ಲಿ ಮಳೆ ಆಗಾಗ ಗಾಜು ತೊಳೆಯುತ್ತದೆ. ಇಲ್ಲಿ ಅಕ್ಟೋಬರಿನಿಂದ ಮೇ ತನಕ ದೂಳು ಪದರದ ಮೇಲೆ ಪದರವಾಗಿ ಕೂರುತ್ತದೆ. ಆ ದೂಳೂ ಊರಿಂದೂರಿಗೆ ಬೇರೆ.

ಕಲಬುರಗಿ ನಗರದ ಸುತ್ತ ಎರೆಮಣ್ಣು. ಅದರ ಜೇಡಿ ಕಣ ಬಲು ನುಣುಪು, ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಗಾಜನ್ನು ಗೀರುವಷ್ಟು ಗಟ್ಟಿ ಅದಲ್ಲ. ಆದರೆ ಅದರೊಳಗೆ ಬೆರೆತ ಮರಳು ಗಾಜಿಗಿಂತ ಗಟ್ಟಿ: ಗಟ್ಟಿತನದ ಮೋಸ್ ಅಳತೆಯಲ್ಲಿ ಗಾಜು ಸುಮಾರು 5.5, ಮರಳಿನ ಸ್ಫಟಿಕ 7. ಒಣ ದೂಳಿನ ಮೇಲೆ ಬ್ರಷ್ ಒತ್ತಿ ಎಳೆದರೆ ಆ ಮರಳು ಎಳೆಗಳ ತುದಿಗೆ ಸಿಕ್ಕಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಎರೆಮಣ್ಣಿಗೆ ಬೇಕಾದದ್ದು ನೀರು ಮತ್ತು ಒಂದು ನಿಮಿಷದ ಸಮಯ. ನೆನೆದರೆ ತಾನೇ ಬಿಡುತ್ತದೆ. ಮೆದು ಎಳೆ, ಹೆಚ್ಚು ನೀರು.

ಶಹಾಬಾದ್, ಚಿತ್ತಾಪುರದ ಕಡೆ ನೆಲಕ್ಕೆ ಹಾಸುವ ಸುಣ್ಣಕಲ್ಲಾದ ಪರ್ಸಿ ಕಲ್ಲು ಕೊಯ್ಯುವ ಪುಡಿ ಬೆಳ್ಳಗೆ ಕೂರುತ್ತದೆ. ಸುಣ್ಣಕಲ್ಲಿನ ಗಟ್ಟಿತನ 3ರಷ್ಟೇ, ಗಾಜಿಗೆ ಅಪಾಯ ಕಡಿಮೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಆಸುಪಾಸು ಮಾತು ಬೇರೆ. ಸಿಮೆಂಟ್ ದೂಳು ಇಬ್ಬನಿ ಕುಡಿದು ಗಾಜಿನ ಮೇಲೆಯೇ ಗಟ್ಟಿಯಾಗುತ್ತದೆ. ಒಮ್ಮೆ ಕಚ್ಚಿಕೊಂಡರೆ ಯಾವ ಬ್ರಷ್‌ಗೂ ಬಗ್ಗದು. ಬಿರುಸು ಬ್ರಷ್ ತಂದು ತಿಕ್ಕಿದರೆ ಗಾಜೇ ಹಾಳಾಗುತ್ತದೆ. ಅಲ್ಲಿ ಗೆಲ್ಲುವ ಉಪಾಯ ಒಂದೇ, ಕಚ್ಚಿಕೊಳ್ಳುವ ಮೊದಲೇ, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಮೆದು ಬ್ರಷ್‌ನಿಂದ ತೊಳೆದುಬಿಡುವುದು. ಸಿಮೆಂಟ್ ನೀರು ತೀವ್ರ ಕ್ಷಾರ. ಅದು ಪ್ರಾಣಿಯ ಕೂದಲನ್ನು ತಿನ್ನುತ್ತದೆ, ಆದ್ದರಿಂದ ಈ ಊರುಗಳಿಗೆ ಹಂದಿ ಕೂದಲಿನ ಬ್ರಷ್ ತರಲೇಬೇಡಿ.

ದಾಲ್ ಮಿಲ್ ಪಕ್ಕದ ಗಾಜು ಮೋಸ ಮಾಡುತ್ತದೆ. ನೋಡಿದರೆ ಬರೀ ಹಳದಿ ಹೊಟ್ಟಿನ ದೂಳು. ತೊಗರಿಯ ಸಿಪ್ಪೆ ಸಡಿಲಾಗಲೆಂದು ಮಿಲ್ಲಿನಲ್ಲಿ ಕಾಳಿಗೆ ಎಣ್ಣೆ ಸವರುತ್ತಾರೆ, ಆ ಜಿಡ್ಡು ದೂಳಿನ ಜೊತೆ ಗಾಜಿಗೆ ಬರುತ್ತದೆ. ತಣ್ಣೀರು ಅದರ ಮೇಲೆ ಜಾರಿ ಹೋಗುತ್ತದೆ, ಮೆದು ಬ್ರಷ್ ಸುಮ್ಮನೆ ಸವರಿ ಬರುತ್ತದೆ. ಇಲ್ಲಿ ಬಿರುಸು ಎಳೆ ಬೇಕು. ತೊಗರಿ ಬರುವ ಡಿಸೆಂಬರ್, ಜನವರಿಯಿಂದ ಈ ಕೊಳೆ ಜೋರು.

ಬೀದರಿನ ಕೆಂಪು ಮುರುಂ (ಗರಸು ಮಣ್ಣು) ದೂಳು ಹರಳು ಹರಳಾಗಿರುತ್ತದೆ. ಬ್ರಷ್ ತಾಗುವ ಮೊದಲು ಬರೀ ನೀರಿನಿಂದ ಒಂದು ಸಲ ಇಳಿಸಲೇಬೇಕು. ಯಾದಗಿರಿಯ ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನ ಭತ್ತ, ಅದರ ಬೆನ್ನಿಗೆ ಅಕ್ಕಿ ಗಿರಣಿಗಳು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ತುಂಬಿದೆ, ಅದನ್ನೂ ಮುರುಂ ದೂಳಿನಂತೆಯೇ ಕಾಣಿ.

ಇನ್ನು ಕೂಲರ್. ಕಿಟಕಿಗೆ ಕೂಲರ್ ಕೂರಿಸಿ ಬೋರ್ ನೀರು ಹಾಕಿದ ಮನೆಗಳಲ್ಲಿ ಅಕ್ಕಪಕ್ಕದ ಗಾಜಿಗೆ ಬಿಳಿ ಉಪ್ಪುಗಾರೆ ಕಟ್ಟಿರುತ್ತದೆ. ಅದು ಬ್ರಷ್‌ನಿಂದ ಹೋಗದು ಎಂದು ಕೆಲಸ ಒಪ್ಪುವ ಮೊದಲೇ ಹೇಳಿಬಿಡಿ. ಬಚ್ಚಲಿಗೆ ಹಾಕುವ ಆಸಿಡ್ ಸುರಿದು ತೆಗೆಯುವ ಯೋಚನೆಯೂ ಬೇಡ. ಕೆಳಗೆ ಕಿಟಕಿ ದಂಡೆಯಾಗಿ, ಅಂಗಳವಾಗಿ ಹಾಸಿರುವುದು ಪರ್ಸಿ ಕಲ್ಲು. ಸುಣ್ಣಕಲ್ಲಿನ ಮೇಲೆ ಆಸಿಡ್ ಬಿದ್ದ ಜಾಗ ನೊರೆಯೆದ್ದು ಹೊಳಪು ಸತ್ತು ಹೋಗುತ್ತದೆ, ಮತ್ತೆ ಬಾರದು.

ಹೆಜ್ಜೆ 2: ಗಾಜು ನೀರನ್ನು ಹೇಗೆ ಹಿಡಿಯುತ್ತದೆ?

ಒಂದು ತಂಬಿಗೆ ಶುದ್ಧ ನೀರನ್ನು ನೆಲಮಹಡಿಯ ಗಾಜಿನ ಮೇಲ್ತುದಿಯಿಂದ ಬಿಡಿ. ನೀರು ಹಾಳೆಯಂತೆ ಹರಡಿ ಒಟ್ಟಾಗಿ ಇಳಿದರೆ ಅದು ನೀರು ಹಿಡಿಯುವ ಗಾಜು. ಹನಿಹನಿಯಾಗಿ ಒಡೆದು, ದಾರಿದಾರಿಯಾಗಿ ಇಳಿದರೆ ನೀರು ದೂಡುವ ಗಾಜು. ಹೊಸ ಕಟ್ಟಡಗಳ ಗಾಜಿನ ಗೋಡೆಗಳಲ್ಲಿ ಸಿಲಿಕೋನ್ ಬೆಸುಗೆಯಿಂದ ಒಸರುವ ಎಣ್ಣೆ ಅಂಚಿನ ಗಾಜನ್ನು ಹೀಗೆ ಮಾಡುತ್ತದೆ. ನಡುವೆ ಹರಡುವ ನೀರು ಅಂಚಿನಲ್ಲಿ ಹನಿಗಟ್ಟುತ್ತದೆ.

ಇದೇಕೆ ಬೇಕು? ನೀರು ಹಿಡಿಯುವ ಗಾಜಿನಲ್ಲಿ ಬ್ರಷ್ ತಾಗಿಸಿಕೊಂಡೇ ಮೇಲಿಂದ ಕೆಳಗೆ ಎಳೆದರೆ ಕೊನೆಯ ತೊಳೆತ ಮುಗಿಯುತ್ತದೆ. ದೂಡುವ ಗಾಜಿನಲ್ಲಿ ಹಾಗೆ ಮಾಡಿದರೆ ನಡುನಡುವೆ ಕೊಳೆ ಹನಿ ಉಳಿದು ಚುಕ್ಕೆಯಾಗುತ್ತದೆ. ಬ್ರಷ್ಷನ್ನು ಗಾಜಿನಿಂದ 5–10 ಸೆಂ.ಮೀ. ಎತ್ತಿ, ನೀರನ್ನು ಅಗಲವಾಗಿ ಬಿಡಬೇಕು. ಮೊದಲನೆಯದಕ್ಕೆ ಸಣ್ಣ ಧಾರೆಯ ಜೆಟ್ ಸಾಕು, ಎರಡನೆಯದಕ್ಕೆ ಬೀಸಣಿಗೆಯಂತೆ ಹರಡುವ ಜೆಟ್ ಬೇಕು. ಒಂದು ತಂಬಿಗೆ ನೀರಿನಲ್ಲಿ ಅರ್ಧ ನಿರ್ಧಾರ ಆಯಿತು.

ಇನ್ನೊಂದು ಪರೀಕ್ಷೆ ನೀಲಿ, ಹಸಿರು ಕನ್ನಡಿಯಂತೆ ಹೊಳೆಯುವ ಗಾಜಿಗೆ. ಪೆನ್ನಿನ ತುದಿಯನ್ನು ಹೊರಮೈಗೆ ತಾಗಿಸಿ. ಪ್ರತಿಬಿಂಬದ ತುದಿ ಪೆನ್ನಿನ ತುದಿಗೆ ಅಂಟಿದಂತೆ ಕಂಡರೆ ಹೊಳಪಿನ ಲೇಪ ಹೊರಗಿದೆ, ನಡುವೆ ಸಂದು ಕಂಡರೆ ಒಳಗಿದೆ. ಲೇಪ ಹೊರಗಿದ್ದರೆ ಬಿರುಸು ಎಳೆ, ಬ್ರಷ್‌ಗೆ ಸಿಕ್ಕಿಸುವ ಉಜ್ಜುವ ಪ್ಯಾಡ್ ಎರಡನ್ನೂ ದೂರವಿಡಿ. ಅಲ್ಲಿ ಬಿದ್ದ ಗೀರು ಬಿಸಿಲಿಗೆ ಮೈಲಿ ದೂರದಿಂದ ಕಾಣುತ್ತದೆ.

ಹೆಜ್ಜೆ 3: ಎಳೆ

ಎಲ್ಲರೂ ಕೈಯಲ್ಲಿ ಸವರಿ «ಮೆತ್ತಗಿದೆ», «ಬಿರುಸಿದೆ» ಎಂದು ಹೇಳಿ ಮುಗಿಸುವುದು ಇಲ್ಲೇ. ಸ್ವಲ್ಪ ನಿಂತು ನೋಡಬೇಕಾದದ್ದೂ ಇಲ್ಲೇ.

ಒಂದೇ ವಸ್ತುವಿನ ಎಳೆಯಾದರೆ ಬಿರುಸನ್ನು ನಿರ್ಧರಿಸುವುದು ದಪ್ಪ ಮತ್ತು ಉದ್ದ. ದಪ್ಪದ ಪ್ರಭಾವ ನಾಲ್ಕನೇ ಘಾತದಲ್ಲಿ, ಉದ್ದದ್ದು ವಿಲೋಮವಾಗಿ ಮೂರನೇ ಘಾತದಲ್ಲಿ. ಹೀಗೆಂದರೆ, 0.25 ಮಿ.ಮೀ. ಎಳೆಯ ಬದಲು 0.35 ಮಿ.ಮೀ. ಎಳೆ ಹಿಡಿದರೆ ಬಿರುಸು ಹೆಚ್ಚುಕಡಿಮೆ ನಾಲ್ಕು ಪಟ್ಟು. ಅದೇ ದಪ್ಪದ ಎಳೆಯನ್ನು 50 ಮಿ.ಮೀ.ನಿಂದ 65 ಮಿ.ಮೀ.ಗೆ ಉದ್ದ ಮಾಡಿದರೆ ಬಿರುಸು ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಬರೀ «ಸಾಫ್ಟ್», «ಹಾರ್ಡ್» ಎಂಬ ಚೀಟಿ ನಂಬಬೇಡಿ, ಎರಡು ಅಳತೆಯನ್ನೂ ಕೇಳಿ.

ವಸ್ತು ಮೂರು ಬಗೆ.

ನೈಲಾನ್ ಅಗ್ಗ, ಬಾಳಿಕೆಯದು. ಆದರೆ ಸಾದಾ ನೈಲಾನ್ 6 ನೀರು ಕುಡಿಯುತ್ತದೆ, ಪೂರ್ತಿ ನೆನೆದಾಗ ತನ್ನ ತೂಕದ ಶೇ. 9ರ ಆಸುಪಾಸು. ಕುಡಿದಷ್ಟೂ ಮೆತ್ತಗಾಗುತ್ತದೆ. ಅಂಗಡಿಯಲ್ಲಿ ಬಿರುಸಾಗಿದ್ದ ಬ್ರಷ್ ಅರ್ಧ ದಿನದ ಕೆಲಸಕ್ಕೆ ಒದ್ದೆ ಚಿಂದಿಯಂತೆ ಬಿದ್ದುಕೊಳ್ಳುವುದು ಇದರಿಂದಲೇ. ನೈಲಾನ್ 6.12 ಎಂದು ಬರೆದಿದ್ದರೆ ಅದು ಕುಡಿಯುವುದು ಶೇ. 3ರಷ್ಟು, ವಾಸಿ.

ಪಿಬಿಟಿ ಎಂಬುದು ಪಾಲಿಯೆಸ್ಟರ್ ಜಾತಿಯದು. ನೀರು ಕುಡಿಯುವುದು ಶೇ. 0.5ಕ್ಕೂ ಕಡಿಮೆ. ಬೆಳಗಿನ ಬಿರುಸು ಸಂಜೆಗೂ ಇರುತ್ತದೆ, ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ನಮ್ಮ ಮೂರು ಜಿಲ್ಲೆಯ ಕೆಲಸಕ್ಕೆ ಮೊದಲ ಬ್ರಷ್ ಪಿಬಿಟಿಯದೇ ಆಗಿರಲಿ. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಮೂರನೆಯದು ಹಂದಿ ಕೂದಲು, ಒಂಟಿಯಾಗಿಯೋ ನೈಲಾನ್ ಬೆರೆಸಿಯೋ ಬರುತ್ತದೆ. ಜಿಡ್ಡು ಎತ್ತುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ತುದಿ ಸಹಜವಾಗಿಯೇ ಸೀಳಿರುತ್ತದೆ, ನೀರು ಹಿಡಿದುಕೊಳ್ಳುತ್ತದೆ, ಗಾಜಿನ ಮೇಲೆ ಜಾರುತ್ತದೆ. ಆದರೆ ಒದ್ದೆಯಾದರೆ ಭಾರ, ಬೇಗ ಸವೆಯುತ್ತದೆ, ಕೂದಲು ಉದುರುತ್ತದೆ, ಸರಿಯಾಗಿ ಒಣಗದಿದ್ದರೆ ವಾಸನೆ ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ಮಾತು, ಕೆಲಸ ಯಾರದು ಎಂಬುದು. ಖ್ವಾಜಾ ಬಂದೇ ನವಾಜ್ ದರ್ಗಾದ ಊರಿದು. ದರ್ಗಾ, ಮಸೀದಿ, ಮದರಸಾ, ಮುಸ್ಲಿಂ ಮನೆಗಳ ಗಾಜಿಗೆ ಹಂದಿ ಕೂದಲು ತಾಗಿಸುವುದು ದೊಡ್ಡ ಅಪಚಾರ. ಬಸದಿ, ಮಠ, ಗುಡಿಗಳಲ್ಲೂ ಅದು ಒಪ್ಪಿತವಾಗದಿರಬಹುದು. ಕೋಲು ಹಿಡಿಯುವ ಹುಡುಗನಿಗೂ ಅದನ್ನು ಮುಟ್ಟಲು ಮನಸ್ಸಿಲ್ಲದಿರಬಹುದು, ಅವನನ್ನು ಕೇಳಿ. ಇಂಥ ಬ್ರಷ್ ಇಟ್ಟುಕೊಂಡರೆ ಎಳೆ ಕೂರಿಸಿರುವ ಹಲಗೆಗೆ ಬಣ್ಣದ ಗುರುತು ಹಾಕಿ, ಬೇರೆ ಚೀಲದಲ್ಲಿಡಿ. ತೊಳೆಯುವ ಬಕೆಟ್ಟೂ ಬೇರೆಯಿರಲಿ. ಚೀಟಿಯಲ್ಲಿ «ಹೈಬ್ರಿಡ್» ಎಂದಷ್ಟೇ ಬರೆದಿದ್ದರೆ ಯಾವುದರ ಹೈಬ್ರಿಡ್ ಎಂದು ವಿಚಾರಿಸಿಯೇ ಕೊಳ್ಳಿ. ಬಹಳ ಸಲ ಅದರೊಳಗೆ ಇದೇ ಕೂದಲಿರುತ್ತದೆ.

ಸೀಳು ತುದಿ, ನೆಟ್ಟ ತುದಿ ಎಂಬ ಭೇದವೂ ಉಂಟು. ಸಿಂಥೆಟಿಕ್ ಎಳೆಯ ತುದಿಯನ್ನು ಯಂತ್ರದಲ್ಲಿ ಸೀಳಿ ಕುಚ್ಚಿನಂತೆ ಮಾಡಿರುತ್ತಾರೆ. ಅದು ನುಣುಪು ದೂಳನ್ನು ಚೆನ್ನಾಗಿ ಎತ್ತುತ್ತದೆ, ಗಾಜಿನ ಮೇಲೆ ಎಣ್ಣೆಯಲ್ಲಿ ಜಾರಿದಂತೆ ಜಾರುತ್ತದೆ. ತಿಂಗಳಿಗೊಮ್ಮೆ ತೊಳೆಯುವ ಗಾಜಿಗೆ ಇದಕ್ಕಿಂತ ಸುಖ ಬೇರಿಲ್ಲ. ಕೊರತೆ ಏನೆಂದರೆ, ಸೀಳಿನ ನಡುವೆ ಮರಳು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮುರುಂ, ಮರಳು, ಕಟ್ಟಡ ಕೆಲಸದ ದೂಳು ಇರುವಲ್ಲಿ ಮೊದಲ ತೊಳೆತಕ್ಕೆ ನೆಟ್ಟ ತುದಿಯ ಬ್ರಷ್ ಹಿಡಿಯಿರಿ. ಮರಳು ಅದರಿಂದ ಸುಲಭವಾಗಿ ತೊಳೆದು ಹೋಗುತ್ತದೆ.

ಒಳಗೆ ಗಿಡ್ಡ, ಬಿರುಸು ಎಳೆ, ಹೊರಸುತ್ತಿಗೆ ಉದ್ದ, ಮೆದು ಎಳೆ ಇರುವ ಜೋಡಿ ಕಟ್ಟಿನ ಬ್ರಷ್ ಸಿಕ್ಕರೆ ಬಿಡಬೇಡಿ. ಹಗುರವಾಗಿ ಹಿಡಿದರೆ ಹೊರಗಿನ ಎಳೆ ಮಾತ್ರ ತಾಗುತ್ತದೆ, ಒತ್ತಿದರೆ ಒಳಗಿನದು ಕೆಲಸಕ್ಕೆ ಬರುತ್ತದೆ. ಹೊರಸುತ್ತಿನ ಎಳೆ ಹಲಗೆಯ ಅಂಚಿನಿಂದ 15–20 ಮಿ.ಮೀ. ಆಚೆ ಚಾಚಿರಬೇಕು. ರಬ್ಬರ್ ಬೀಡಿಂಗಿನ ಮೂಲೆಗೆ ತಲುಪುವುದು ಅದೇ. ಎಳೆ ಹಲಗೆಯ ಅಂಚಿಗೇ ನಿಂತಿದ್ದರೆ ಹಲಗೆ ಚೌಕಟ್ಟಿಗೆ ಬಡಿಯುತ್ತದೆ, ಮೂಲೆಯ ಕೊಳೆ ಹಾಗೇ ಉಳಿಯುತ್ತದೆ.

ಹೆಜ್ಜೆ 4: ಅಗಲ ಮತ್ತು ತೂಕ

ಬ್ರಷ್‌ಗಳು ಸಾಮಾನ್ಯವಾಗಿ 8 ಇಂಚಿನಿಂದ 18 ಇಂಚಿನ ತನಕ ಸಿಗುತ್ತವೆ. ಅಗಲ ಹೆಚ್ಚಿದರೆ ಕೆಲಸ ಬೇಗ ಎಂಬುದು ಎರಡನೇ ಮಹಡಿಯವರೆಗಿನ ಸತ್ಯ. ಅದರಾಚೆ ತೂಕ ಮಾತಾಡುತ್ತದೆ.

ಲೆಕ್ಕ ನೋಡಿ. ಕೋಲು 12 ಮೀಟರ್, ನೆಲಕ್ಕೆ 70 ಡಿಗ್ರಿ ಓರೆ. ತುದಿ ನಿಮ್ಮ ಕೈಯಿಂದ ಅಡ್ಡಲಾಗಿ ಸುಮಾರು 4.1 ಮೀಟರ್ ಮುಂದಿದೆ. ಎರಡು ಕೈಗಳ ನಡುವಿನ ಅಂತರ 60 ಸೆಂ.ಮೀ. ತುದಿಯಲ್ಲಿ ಅರ್ಧ ಕೆ.ಜಿ. ಹೆಚ್ಚಾದರೆ, ಬ್ರಷ್ ಗಾಜು ಬಿಟ್ಟ ಕ್ಷಣ ಪ್ರತಿ ಕೈಗೆ ಸುಮಾರು 3.4 ಕೆ.ಜಿ.ಯ ಹೆಚ್ಚುವರಿ ಎಳೆತ. ದಿನಕ್ಕೆ ನೂರಾರು ಸಲ ಬ್ರಷ್ ಎತ್ತುವವನ ಹೆಗಲಿಗೆ ಇದು ಸಣ್ಣದಲ್ಲ. ಅದಕ್ಕೇ ಬ್ರಷ್ಷನ್ನು ಒಣಗಿದಾಗ ಅಲ್ಲ, ನೀರಲ್ಲಿ ಅದ್ದಿ ಎತ್ತಿ ತೂಗಿ.

ನಮ್ಮ ಶಿಫಾರಸು: 6 ಮೀಟರ್ ಎತ್ತರದೊಳಗಿನ ಶೋರೂಂ ಗಾಜಿಗೆ 14–16 ಇಂಚು, ಮನೆ, ಶಾಲೆ, ಆಸ್ಪತ್ರೆಯ ಮೂರನೇ ಮಹಡಿಯ ತನಕ 12 ಇಂಚು, ಅದಕ್ಕೂ ಮೇಲೆ 10 ಇಂಚು, ಟೊಳ್ಳು ಹಲಗೆಯದು. ತುಂಬು ಪ್ಲಾಸ್ಟಿಕ್ ಹಲಗೆ ಗಟ್ಟಿ, ಕೆಳಗೆ ಬಿದ್ದರೂ ಒಡೆಯದು, ನೆಲಮಹಡಿಗೆ ಅದೇ ಸರಿ. ಮೇಲಿನ ಮಹಡಿಗೆ ಟೊಳ್ಳು ಹಲಗೆ.

ನಮ್ಮ ಮನೆಗಳ ಕಬ್ಬಿಣದ ಗ್ರಿಲ್ ಬೇರೆಯೇ ಸಮಸ್ಯೆ. ಗ್ರಿಲ್ ಗಾಜಿನ ಹೊರಗಿದ್ದರೆ ಸರಳಿನ ಸಂದು ಅಳೆಯಿರಿ. ಎಳೆ ಸಮೇತ ಬ್ರಷ್‌ನ ಚಿಕ್ಕ ಬದಿ ಆ ಸಂದಿಗಿಂತ ಒಂದು ಇಂಚು ಕಡಿಮೆ ಇದ್ದರೆ ಮಾತ್ರ ಒಳ ನುಗ್ಗುತ್ತದೆ. ನುಗ್ಗದ ಬ್ರಷ್ಷನ್ನು ಬಲವಂತವಾಗಿ ತೂರಿಸಿದರೆ ಹೊರಸುತ್ತಿನ ಎಳೆ ಒಂದೇ ದಿನಕ್ಕೆ ಮಡಚಿ ಹೋಗುತ್ತದೆ. ಅಂಥ ಕಿಟಕಿಯನ್ನು ಒಳಗಿನಿಂದ ಕೈಯಲ್ಲೇ ಒರೆಸಿ, ಹೊರಗೆ ಬರೀ ನೀರು ಬಿಡುವುದು ಲೇಸು.

ಹೆಜ್ಜೆ 5: ಜೆಟ್

ಎಳೆ ಎಷ್ಟೇ ಒಳ್ಳೆಯದಿರಲಿ, ಸಡಿಲಾದ ಕೊಳೆಯನ್ನು ನೀರು ಇಳಿಸದಿದ್ದರೆ ಕೆಲಸ ಕೆಟ್ಟಂತೆ. ಬ್ರಷ್ ಬದಲಿಸುವ ಮೊದಲು ಜೆಟ್ ಬದಲಿಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಸಣ್ಣ ಧಾರೆಯ ಜೆಟ್‌ನ ತೂತು ಸಾಮಾನ್ಯವಾಗಿ 1.4ರಿಂದ 2 ಮಿ.ಮೀ. 2 ಮಿ.ಮೀ.ನ ಎರಡು ತೂತು, 1.4 ಮಿ.ಮೀ.ನ ನಾಲ್ಕು ತೂತು, ಎರಡರ ಒಟ್ಟು ಬಾಯಿ ಒಂದೇ: 6 ಚದರ ಮಿ.ಮೀ.ಗೆ ತುಸು ಹೆಚ್ಚು. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಎರಡರಲ್ಲೂ ನೀರು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆದರೆ 2 ಮಿ.ಮೀ.ನ ನಾಲ್ಕು ತೂತು ಕೊರೆದರೆ ಬಾಯಿ ಇಮ್ಮಡಿ, ವೇಗ ಅರ್ಧ. ನೀರು ಎಳೆಯ ನಡುವೆಯೇ ಸೋರಿ ಗಾಜಿಗೆ ಬಡಿಯದೆ ಇಳಿಯುತ್ತದೆ. ಜಾಸ್ತಿ ಜೆಟ್ ಎಂದರೆ ಜಾಸ್ತಿ ತೊಳೆತ ಎಂದುಕೊಂಡು ತಾವೇ ಡ್ರಿಲ್ ಹಿಡಿಯುವವರು ಎಡವುವುದು ಇಲ್ಲಿ.

12 ಇಂಚಿನ ಬ್ರಷ್‌ಗೆ 1.4ರ ನಾಲ್ಕು, 10 ಇಂಚಿಗೆ 2ರ ಎರಡು. ನೀರು ದೂಡುವ ಗಾಜಿಗೆ ಬೀಸಣಿಗೆ ಜೆಟ್ ಎರಡು, ಜೊತೆಗೆ ನಿಮಿಷಕ್ಕೆ 2.5–3 ಲೀಟರ್ ನೀರು. ಬೀಸಣಿಗೆ ಜೆಟ್‌ಗೆ ಗಾಳಿ ಶತ್ರು. ಬೇಸಿಗೆಯ ಮಧ್ಯಾಹ್ನದ ಗಾಳಿಗೆ ಆ ತೆಳು ಹಾಳೆ ಚೂರಾಗಿ ಪಕ್ಕದ ಒಣ ಗಾಜಿನ ಮೇಲೆ ಬೀಳುತ್ತದೆ. ಅದನ್ನು ಬೆಳಗಿನ ನಿಶ್ಚಲ ಹೊತ್ತಿಗೆ ಇಟ್ಟುಕೊಳ್ಳಿ.

ನೀರಿನ ಅಳತೆ ನೆಲದ ಮೇಲೆ ಮಾಡಿದರೆ ಸಾಲದು. ಪ್ರತಿ 10 ಮೀಟರ್ ಎತ್ತರಕ್ಕೆ 1 ಬಾರ್, ಎಂದರೆ ಸುಮಾರು 14 ಪಿಎಸ್‌ಐ ಒತ್ತಡ ಏರುವುದರಲ್ಲೇ ಕಳೆದುಹೋಗುತ್ತದೆ, ಸಣ್ಣ ಪೈಪಿನ ತಡೆ ಬೇರೆ. ಅಳೆಯುವುದು ಹೀಗೆ: ಬ್ರಷ್ಷನ್ನು ಮಾಳಿಗೆಗೆ ಒಯ್ದು ಬಕೆಟ್ಟಿನಲ್ಲಿಟ್ಟು, ಪಂಪನ್ನು ಕೆಳಗೇ ಓಡಿಸಿ, ಒಂದು ನಿಮಿಷದ ನೀರು ಲೀಟರ್ ಡಬ್ಬಿಯಿಂದ ಅಳೆಯಿರಿ. 1.5 ಲೀಟರಿಗಿಂತ ಕಡಿಮೆ ಬಂದರೆ ಪಂಪಿನ ವೇಗ ಹೆಚ್ಚಿಸಿ ಅಥವಾ ಜೆಟ್ ಕಡಿಮೆ ಮಾಡಿ.

ಜೆಟ್ ಕಟ್ಟಿಕೊಂಡರೆ ಹೊರತೆಗೆದು ಹಿಂದಿನಿಂದ ಊದಿ, ಇಲ್ಲವೇ ನೈಲಾನ್ ದಾರ ಪೋಣಿಸಿ ಬಿಡಿಸಿ. ಸೂಜಿ ಚುಚ್ಚಿದರೆ ತೂತು ಸೊಟ್ಟಗಾಗಿ ಧಾರೆ ಓರೆ ಹೊಡೆಯುತ್ತದೆ. ಕಟ್ಟಿಕೊಂಡದ್ದು ಸಣ್ಣ ಹಳದಿ ಮಣಿಯಾಗಿದ್ದರೆ ತಪ್ಪು ಬ್ರಷ್‌ನದಲ್ಲ, ಡಿಐ ಸಿಲಿಂಡರ್‌ನ ಜಾಲರಿ ಒಡೆದು ರೆಸಿನ್ ಹೊರಬರುತ್ತಿದೆ.

ಹೆಜ್ಜೆ 6: ಕತ್ತು ಮತ್ತು ಥ್ರೆಡ್

ಕೋಲಿಗೂ ಬ್ರಷ್‌ಗೂ ನಡುವಿನ ಬಾಗಿದ ತುಂಡು ಗೂಸ್‌ನೆಕ್. ಎತ್ತರ ಹೆಚ್ಚಿದಂತೆ ಕೋಲು ನೆಟ್ಟಗಾಗುತ್ತದೆ. ಕತ್ತು ಸರಿಯಾಗಿ ಬಾಗದಿದ್ದರೆ ಬ್ರಷ್‌ನ ಒಂದು ಅಂಚಷ್ಟೇ ಗಾಜಿಗೆ ತಾಗುತ್ತದೆ. ಸಜ್ಜಾ ಇರುವ ಕಿಟಕಿಗಳಲ್ಲಿ ಗಾಜು ಗೋಡೆಯಿಂದ ಒಳಸರಿದಿರುತ್ತದೆ, ಅದಕ್ಕೆ ಉದ್ದ ಕತ್ತೇ ಬೇಕು. ಕೋನ ಬದಲಿಸಬಹುದಾದ ಕತ್ತು ಕೊಂಡರೆ ಒಂದೇ ಬ್ರಷ್ ನೆಲಮಹಡಿಗೂ ನಾಲ್ಕನೇ ಮಹಡಿಗೂ ಆಗುತ್ತದೆ. ಥ್ರೆಡ್ ಎರಡು ಜಾತಿ, ಯುರೋ ಮತ್ತು ಅಮೆರಿಕದ ಆಕ್ಮೆ. ನೋಡಲು ಒಂದೇ, ಒಂದಕ್ಕೊಂದು ಕೂರುವುದಿಲ್ಲ. ಬಲವಂತವಾಗಿ ತಿರುಗಿಸಿದ ಬ್ರಷ್ ಮೂರನೇ ಮಹಡಿಯಿಂದ ಕಳಚಿ ಬೀಳುತ್ತದೆ. ಹೈದರಾಬಾದಿನಿಂದಲೋ ಆನ್‌ಲೈನಿನಲ್ಲೋ ತರಿಸುವಾಗ ಕೋಲಿನ ತುದಿಯ ಫೋಟೋ ಕಳಿಸಿ ಕೇಳಿ.

ಹೆಜ್ಜೆ 7: ಕೊಳ್ಳುವ ಮುನ್ನ, ಇಲ್ಲವೇ ವಾಪಸ್ ಕಳಿಸುವ ಅವಧಿಯೊಳಗೆ

1. ಗಾಜಿನ ಮೇಜಿನ ಮೇಲೆ ಬ್ರಷ್ ಹಗುರವಾಗಿ ಒತ್ತಿ, ಕೆಳಗಿನಿಂದ ನೋಡಿ. ತುದಿಗಳು ಇಡೀ ಅಗಲಕ್ಕೂ ತಾಗಬೇಕು. ನಡುವೆ ಬರಿದು ಕಂಡರೆ ಗಾಜಿನ ಮೇಲೂ ಅಲ್ಲೊಂದು ಕೊಳೆ ಗೆರೆ ಉಳಿಯುತ್ತದೆ.
2. ಹತ್ತು ಎಳೆ ಹಿಡಿದು ಜಗ್ಗಿ. ಒಂದು ಬಂದರೆ ಸರಿ, ಎರಡು ಮೂರು ಬಂದರೆ ಬೇಡ.
3. ಅರ್ಧ ಗಂಟೆ ನೀರಲ್ಲಿ ನೆನೆಸಿ ಮತ್ತೆ ಒತ್ತಿ. ಬಿರುಸು ಗಮನಕ್ಕೆ ಬರುವಷ್ಟು ಇಳಿದಿದ್ದರೆ ಅದು ಸಾದಾ ನೈಲಾನ್, ಚೀಟಿ ಏನೇ ಹೇಳಲಿ.
4. ನೀರು ಜೋಡಿಸಿ ಧಾರೆ ನೋಡಿ. ಎಳೆಗಳ ನಡುವಿಂದ ಗಾಜಿಗೇ ಬಡಿಯಬೇಕು. ಎಳೆಯ ಗುಚ್ಛಕ್ಕೆ ಬಡಿದು ಚದುರಿದರೆ ತೂತಿನ ಜಾಗವೇ ತಪ್ಪು.

ಇಷ್ಟೆಲ್ಲ ನೋಡಿ ಒಂದೇ ಬ್ರಷ್ ಕೊಳ್ಳುವ ಶಕ್ತಿಯಿದ್ದರೆ: 12 ಇಂಚು, ಟೊಳ್ಳು ಹಲಗೆ, ಪಿಬಿಟಿ ಜೋಡಿ ಕಟ್ಟು, ಹೊರಗೆ ಸೀಳು ತುದಿ, ಒಳಗೆ ನೆಟ್ಟ ತುದಿ, 1.4ರ ನಾಲ್ಕು ಜೆಟ್. ಎರಡನೆಯದಕ್ಕೆ ಕೈ ಚಾಚುವಾಗ 10 ಇಂಚಿನ, 0.35 ಮಿ.ಮೀ. ನೆಟ್ಟ ಎಳೆಯ ಬಿರುಸು ಬ್ರಷ್. ವರ್ಷಗಟ್ಟಲೆ ತೊಳೆಯದ ಗಾಜಿಗೂ ದಾಲ್ ಮಿಲ್ಲಿಗೂ ಅದು. ದೊಡ್ಡ ಬ್ರಷ್ ಮೂರನೆಯ ಮಾತು.

ಹೆಜ್ಜೆ 8: ಹೊಸ ಬ್ರಷ್ ಕೆಲಸಕ್ಕಿಳಿಸುವುದು

ಕೋಲೆತ್ತುವ ಮೊದಲು ಮೇಲೆ ನೋಡಿ. ಸಜ್ಜಾದ ಅಡಿ ಹೆಜ್ಜೇನು ಇದ್ದರೆ ಆ ಬದಿಯ ಕೆಲಸ ಬೇಡ. ಬ್ರಷ್ ತಾಗಿದ್ದು ಗೂಡಿಗಾದರೆ ಓಡಿದರೂ ತಪ್ಪಿಸಿಕೊಳ್ಳುವುದು ಕಷ್ಟ. ಕರೆಂಟ್ ತಂತಿಯ ಹತ್ತಿರ ಕೋಲು ಎತ್ತಲೇಬೇಡಿ. ಕಾರ್ಬನ್ ಕೋಲು ಸ್ವತಃ ವಿದ್ಯುತ್ ಹರಿಸುತ್ತದೆ, ಗ್ಲಾಸ್ ಫೈಬರ್ ಕೋಲಿನ ಹೊರಮೈಯಲ್ಲಿ ಇಳಿಯುವ ಕೊಳೆನೀರೂ ಹರಿಸುತ್ತದೆ.

ಹೊತ್ತಿನ ಲೆಕ್ಕ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಬಿಸಿಲು ಬಿದ್ದ ಗಾಜಿನ ಮೇಲೆ ಸಡಿಲಾದ ಕೊಳೆ ಇಳಿಯುವ ಮೊದಲೇ ಒಣಗಿ ಮತ್ತೆ ಅಂಟುತ್ತದೆ, ಬ್ರಷ್ ಕೆಟ್ಟದು ಎನ್ನಿಸುತ್ತದೆ. ಬೆಳಗ್ಗೆ 6ರಿಂದ 10 ಪಡುವಣ ಗೋಡೆ, ಸಂಜೆ 4ರ ಮೇಲೆ ಮೂಡಣ ಗೋಡೆ. ನೆರಳಿನ ಬದಿಯನ್ನೇ ಹಿಂಬಾಲಿಸಿ.

ಕೆಲಸದ ಕ್ರಮ: ಬ್ರಷ್ಷನ್ನು ಗಾಜಿಗೆ ತಾಗಿಸದೆ ಮೇಲಿಂದ ನೀರು ಬಿಟ್ಟು ಒಣ ದೂಳು ಇಳಿಸಿ. ಒಂದು ನಿಮಿಷ ನೆನೆಯಲಿ. ಆಮೇಲೆ ಚೌಕಟ್ಟಿನ ಮೇಲಂಚು ಉಜ್ಜಿ ಅಲ್ಲಿನ ನೀರು ಇಳಿದು ಮುಗಿಯಲು ಬಿಡಿ. ಈ ಒಂದು ಹೆಜ್ಜೆ ಬಿಟ್ಟರೆ ತೊಳೆದ ಗಾಜಿನ ಮೇಲೆ ಹತ್ತು ನಿಮಿಷದ ನಂತರ ಕೆಸರಿನ ಗೆರೆ ಇಳಿಯುತ್ತದೆ. ಬಳಿಕ ಗಾಜನ್ನು ಮೇಲೆ ಕೆಳಗೆ ಉಜ್ಜಿ, ಪ್ರತಿ ಎಳೆತ ಹಿಂದಿನದರ ಮೇಲೆ ಎರಡು ಇಂಚು ಹಾಯಲಿ. ಒತ್ತುವುದು ಎಳೆ ತುಸು ಬಾಗುವಷ್ಟು ಮಾತ್ರ. ಎಳೆ ಪೂರ್ತಿ ಮಲಗಿದರೆ ತುದಿ ಕೆಲಸ ಮಾಡದು, ಪಕ್ಕ ಜಾರುತ್ತದೆ ಅಷ್ಟೆ. ಕೊನೆಗೆ ಗಾಜಿನ ಗುಣ ನೋಡಿ ತಾಗಿಸಿಯೋ ಎತ್ತಿಯೋ ತೊಳೆಯಿರಿ. ಕೆಳಗಿನ ಅಲ್ಯೂಮಿನಿಯಂ ಹಳಿಗೆ ಈ ಬ್ರಷ್ ಹಾಕಬೇಡಿ, ಅಲ್ಲಿ ಕೂತಿರುವುದೆಲ್ಲ ಮರಳು. ಮೊದಲ ಸಲದ ಗಾಜಿಗೆ ಇಡೀ ಕ್ರಮ ಎರಡು ಬಾರಿ ಬೇಕು. ಮೊದಲ ಬಾರಿ ಒಣಗಿದ ಮೇಲೆಯೇ ಉಳಿದ ಕೊಳೆ ಕಣ್ಣಿಗೆ ಕಾಣುವುದು.

ಆರೈಕೆ ಮತ್ತು ಬದಲಿಸುವ ಹೊತ್ತು

ಸಂಜೆ ಬಕೆಟ್ ನೀರಲ್ಲಿ ಬ್ರಷ್ ತಲೆಕೆಳಗಾಗಿ ಅಲುಗಿಸಿ, ಬಕೆಟ್ಟಿನ ತಳ ಸವರಿ ನೋಡಿ. ಕೈಗೆ ಮರಳು ಹತ್ತಿದರೆ ಮತ್ತೆ ತೊಳೆಯಿರಿ. ನೀರು ಝಾಡಿಸಿ, ನೆರಳಿನಲ್ಲಿ ತೂಗು ಹಾಕಿ. ಎಳೆಯ ಮೇಲೆ ನಿಲ್ಲಿಸಿದ ಬ್ರಷ್ ರಾತ್ರಿಯೊಳಗೆ ಒಂದು ಬದಿಗೆ ಬಾಗುತ್ತದೆ, ಮುಚ್ಚಿದ ಗಾಡಿಯ ಬಿಸಿಯಲ್ಲಂತೂ ಆ ಬಾಗು ಶಾಶ್ವತ. ಬಾಗಿದ ಸಿಂಥೆಟಿಕ್ ಎಳೆಯನ್ನು ಒಂದು ಸಲ ಬಿಸಿ ನೀರಲ್ಲಿ ಅದ್ದಿ ಬಾಚಿ ನೆಟ್ಟಗೆ ಮಾಡಬಹುದು. ಕುದಿಯುವ ನೀರು ಬೇಡ, ಕೈ ತಡೆಯುವಷ್ಟು ಸಾಕು. ಬ್ಲೀಚಿಂಗ್ ಪುಡಿಯ ನೀರು ಯಾವ ಬ್ರಷ್‌ಗೂ ಬೇಡ.

ಸೀಳು ತುದಿ ಉದುರಿ ನೆಟ್ಟಗಾದಾಗ, ಮೂಲೆಯ ಗುಚ್ಛ ತೆಳುವಾದಾಗ, ಎಳೆ ಎರಡೂ ಬದಿಗೆ ಬಿದ್ದು ನಡುವೆ ಬೈತಲೆ ಕಂಡಾಗ ಆ ಬ್ರಷ್‌ನ ಗಾಜಿನ ಕೆಲಸ ಮುಗಿಯಿತು. ಬಿಸಾಡಬೇಕಿಲ್ಲ. ಹಲಗೆಗೆ ಕೆಂಪು ಬಣ್ಣ ಬಳಿದು ಕಿಟಕಿ ಹಳಿ, ಹೊರಗೋಡೆಗೆ ಹೊದಿಸುವ ಎಸಿಪಿ ಹಾಳೆಯ ಅಂಚು, ಸಜ್ಜಾದ ಅಡಿಯ ಜೇಡರಬಲೆಗೆ ಇಟ್ಟುಕೊಳ್ಳಿ. ಕೆಂಪು ಹಲಗೆಯ ಬ್ರಷ್ ಮತ್ತೆ ಗಾಜಿಗೂ ಮಾಳಿಗೆಯ ಸೋಲಾರ್ ಹಲಗೆಗೂ ಹೋಗಬಾರದು ಎಂದು ಕೆಲಸದ ಹುಡುಗರಿಗೆಲ್ಲ ಮೊದಲ ದಿನವೇ ಹೇಳಿರಿ.